ಶತ್ರುವಿನ ಭಾಷೆಯಲ್ಲಿ ಬಿ.ಎ.

2025ರ ಅಕ್ಟೋಬರ್ 13, ಸೋಮವಾರ, ಇಡೀ ದಿನ ನೀವು ಟಿವಿಯಲ್ಲಿ ಎರಡೇ ದೃಶ್ಯ ನೋಡಿರ್ತೀರಿ. ಒಂದು ಕಡೆ, ಎರಡು ವರ್ಷ ಗಾಜಾದಲ್ಲಿ ಒತ್ತೆಯಾಳಾಗಿದ್ದು ಜೀವಂತವಾಗಿ ಬಂದ 20 ಇಸ್ರೇಲಿಗಳು. ಅಪ್ಪ ಅಮ್ಮ ತಬ್ಬಿಕೊಂಡು ಅಳ್ತಿದ್ದಾರೆ. ಇನ್ನೊಂದು ಕಡೆ, ಇಸ್ರೇಲಿ ಜೈಲುಗಳಿಂದ ಹೊರಟ ಬಸ್ಸುಗಳು. ಕಿಟಕಿಯಿಂದ ಕೈ ಬೀಸ್ತಿರೋ, ಬೋಳು ತಲೆಯ, ಬಡಕಲು ಗಂಡಸರು. ಅಲ್ಲೂ ಜನ ತಬ್ಬಿಕೊಂಡು ಅಳ್ತಿದ್ದಾರೆ. ಸೌಂಡ್ ಮ್ಯೂಟ್ ಮಾಡಿ ನೋಡಿದ್ರೆ ಯಾವುದು ಯಾವ ಕಡೆ ಅಂತ ಹೇಳೋದು ಕಷ್ಟ ಇತ್ತು.

ಆ ಬಸ್ಸುಗಳಲ್ಲಿ ಎರಡು ಬಗೆಯ ಜನ ಇದ್ರು. ಯುದ್ಧ ಶುರುವಾದ ಮೇಲೆ ಗಾಜಾದಿಂದ ಹಿಡಿದು ತಂದ 1,700ಕ್ಕೂ ಹೆಚ್ಚು ಮಂದಿ ಒಂದು. ಜೀವಾವಧಿ ಅಥವಾ ದೀರ್ಘ ಶಿಕ್ಷೆಯಲ್ಲಿದ್ದ ಸುಮಾರು 250 ಮಂದಿ ಇನ್ನೊಂದು. ಆ 250ರಲ್ಲಿ 154 ಜನರನ್ನ ಮನೆಗೆ ಕಳಿಸಲಿಲ್ಲ, ಈಜಿಪ್ಟಿಗೆ ಗಡೀಪಾರು ಮಾಡಿದ್ರು. ಅವರಲ್ಲಿ ಒಬ್ಬನ ಬಗ್ಗೆ ಇವತ್ತು ಮಾತಾಡಬೇಕು. ಹೆಸರು ಬಾಸಿಮ್ ಖಂದಖ್ಜಿ. ಊರು ವೆಸ್ಟ್ ಬ್ಯಾಂಕ್‌ನ ನಬ್ಲುಸ್. ಜೈಲಿಗೆ ಹೋದಾಗ ವಯಸ್ಸು 20, ಅಲ್ಲಿನ ಅನ್-ನಜಾ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದ ವಿದ್ಯಾರ್ಥಿ. ಹೊರಗೆ ಬಂದಾಗ 41. ಮಧ್ಯದ 21 ವರ್ಷದಲ್ಲಿ ಈತ ಪದವಿ ಮುಗಿಸಿದ, ಇಸ್ರೇಲ್ ಅಧ್ಯಯನದಲ್ಲಿ ಸ್ನಾತಕೋತ್ತರ ಮಾಡಿದ, ಕಾದಂಬರಿಗಳನ್ನ ಬರೆದ. 2024ರ ಏಪ್ರಿಲ್‌ನಲ್ಲಿ, ಇನ್ನೂ ಜೈಲಲ್ಲೇ ಇದ್ದಾಗ, ಅರಬ್ಬಿ ಕಾದಂಬರಿಗೆ ಕೊಡೋ ಅಂತಾರಾಷ್ಟ್ರೀಯ ಪ್ರಶಸ್ತಿ ಈತನಿಗೆ ಬಂತು. 50,000 ಡಾಲರ್ ಬಹುಮಾನ. ಸಮಾರಂಭ ಅಬುಧಾಬಿಯಲ್ಲಿ. ಪ್ರಶಸ್ತಿ ತಗೊಳ್ಳೋಕೆ ಹೋದವರು ಪ್ರಕಾಶಕರು.

ಆ ಕಾದಂಬರಿಯ ಕತೆ ಎರಡು ಸಾಲಲ್ಲಿ ಹೇಳಿಬಿಡ್ತೀನಿ, ಯಾಕಂದ್ರೆ ಇವತ್ತಿನ ವಿಷಯಕ್ಕೆ ಅದು ಬೇಕು. ರಮಲ್ಲಾದ ನಿರಾಶ್ರಿತರ ಕ್ಯಾಂಪಿನ ಒಬ್ಬ ಹುಡುಗ, ಪುರಾತತ್ವ ಓದಿದವನು, ಹೆಸರು ನೂರ್. ಒಂದು ಹಳೇ ಕೋಟಿನ ಜೇಬಲ್ಲಿ ಅವನಿಗೆ ಒಬ್ಬ ಇಸ್ರೇಲಿಯ ನೀಲಿ ಬಣ್ಣದ ಗುರುತಿನ ಚೀಟಿ ಸಿಗುತ್ತೆ. ಆ ಇಸ್ರೇಲಿಯ ಹೆಸರು ಓರ್. ನೂರ್ ಆ ಚೀಟಿ ಹಿಡ್ಕೊಂಡು ಓರ್ ಆಗಿ, ಇಸ್ರೇಲಿಗಳ ಜೊತೆ ಉತ್ಖನನಕ್ಕೆ ಸೇರ್ಕೊಳ್ತಾನೆ. ನೂರ್ ಅಂದ್ರೆ ಬೆಳಕು, ಅದು ನಮಗೂ ಗೊತ್ತು. ಹೀಬ್ರೂ ಭಾಷೆಯಲ್ಲಿ ಓರ್ ಅಂದ್ರೂ ಬೆಳಕೇ. ಈ ಆಟ ಆಡಬೇಕಾದ್ರೆ ಬರೆಯೋನಿಗೆ ಎರಡೂ ಭಾಷೆ ಬರಬೇಕು. ನಬ್ಲುಸ್‌ನ ಹುಡುಗ ಇಸ್ರೇಲಿಗಳ ಒಳಮನಸ್ಸು ಹೊಕ್ಕು ಬರೆಯೋ ಹಾಗಾಗಿದ್ದು ಅವರದೇ ಜೈಲಲ್ಲಿ ಕೂತು.

ಈಗ ಇನ್ನೊಂದು ಮಗ್ಗುಲು. ಇದನ್ನ ಹೇಳದೆ ಮುಂದೆ ಹೋದ್ರೆ ನಾನು ನಿಮಗೆ ಮೋಸ ಮಾಡಿದ ಹಾಗೆ. 2004ರ ನವೆಂಬರ್ 1. ಟೆಲ್ ಅವೀವ್‌ನ ಕಾರ್ಮೆಲ್ ಮಾರ್ಕೆಟ್. ತರಕಾರಿ, ಹಣ್ಣು, ಚೀಸ್ ಮಾರೋ ಜಾಗ, ಯಾವಾಗ್ಲೂ ಜನ. ಅಲ್ಲಿ ನಬ್ಲುಸ್ ಕಡೆಯ 16 ವರ್ಷದ ಒಬ್ಬ ಹುಡುಗ ಮೈಗೆ ಕಟ್ಟಿಕೊಂಡಿದ್ದ ಬಾಂಬ್ ಸಿಡಿಸಿಕೊಂಡ. ಮೂವರು ಇಸ್ರೇಲಿಗಳು ಸತ್ತರು. ಮಾರ್ಕೆಟ್ಟಿಗೆ ಬಂದಿದ್ದ ಜನ, ಸೈನಿಕರಲ್ಲ. ಆ ಪ್ರಕರಣದಲ್ಲೇ ಬಾಸಿಮ್‌ಗೆ ಮೂರು ಜೀವಾವಧಿ ಶಿಕ್ಷೆ ಆಗಿದ್ದು.

ಸೋಮವಾರ ನಮ್ಮ ಟಿಕರ್‌ನಲ್ಲಿ ಹೋಗಿದ್ದು '250 ಉಗ್ರರ ಬಿಡುಗಡೆ' ಅಂತ. ಒಬ್ಬ ವೀಕ್ಷಕರು ಮೆಸೇಜ್ ಹಾಕಿದ್ರು, 'ಅದರಲ್ಲಿ ಪ್ರಶಸ್ತಿ ಪಡೆದ ಸಾಹಿತಿ ಇದ್ದಾರೆ, ನಿಮಗೆ ನಾಚಿಕೆ ಆಗಲ್ವಾ' ಅಂತ. ನಾನು ಡೆಸ್ಕಿಗೆ ಹೋಗಿ ಸರಿ ಮಾಡಿ ಅಂದೆ. ಟಿಕರ್ ಬರೆಯೋ ಹುಡುಗ ಕೇಳಿದ, 'ಸರ್, ಏನಂತ ಹಾಕ್ಲಿ? ಕಾದಂಬರಿಕಾರ ಅಂತಾನಾ, ಬಾಂಬ್ ಕೇಸಿನ ಅಪರಾಧಿ ಅಂತಾನಾ?' ಎರಡೂ ಹಾಕಪ್ಪ ಅಂದೆ. 'ಜಾಗ ಸಾಲಲ್ಲ ಸರ್' ಅಂದ. ಕೊನೆಗೆ 'ಕೈದಿಗಳ ಬಿಡುಗಡೆ' ಅಂತ ಹೋಯ್ತು. ಅಲ್ಲಿ ಜಾಗ ಸಾಲಲಿಲ್ಲ ಅಂತಲೇ ಇವತ್ತು ಇಲ್ಲಿ ಮಾತಾಡ್ತಿದ್ದೀನಿ.

ಜೈಲಲ್ಲಿ ಓದೋದು ಅಂದ್ರೆ ಅಲ್ಲಿ ಮೊದಲಿಂದ ಇದ್ದ ವ್ಯವಸ್ಥೆ ಏನೂ ಅಲ್ಲ. 1967ರ ಯುದ್ಧದಲ್ಲಿ ಇಸ್ರೇಲ್ ವೆಸ್ಟ್ ಬ್ಯಾಂಕ್, ಗಾಜಾ ವಶಪಡಿಸಿಕೊಂಡ ಮೇಲೆ ಜೈಲುಗಳು ತುಂಬಿದವು. ಆಗ ಕೈದಿಗಳ ಕೈಗೆ ಪೆನ್ನು ಕಾಗದ ಕೊಡ್ತಿರಲಿಲ್ಲ. ಸಿಗರೇಟ್ ಪ್ಯಾಕಿನ ಒಳಗಿನ ಕಾಗದದ ಮೇಲೆ ಬರೀತಿದ್ರು. 1970ರಲ್ಲಿ ಅಷ್ಕಲಾನ್ ಜೈಲಿನಲ್ಲಿ ಉಪವಾಸ ಕೂತರು. ಬೇಡಿಕೆಗಳ ಪಟ್ಟಿಯಲ್ಲಿ ಬರೆಯೋ ಸಾಮಾನು ಕೂಡ ಇತ್ತು. ನೋಟ್‌ಬುಕ್ಕು, ಪೆನ್ನು. ಆ ಉಪವಾಸದಲ್ಲಿ ಅಬ್ದುಲ್ ಖಾದರ್ ಅಬು ಅಲ್-ಫಹಮ್ ಅನ್ನೋ ಕೈದಿ ಸತ್ತ. ನಾವು ಅಂಗಡಿಗೆ ಹೋಗಿ ಹತ್ತು ರೂಪಾಯಿಗೆ ತರೋ ವಸ್ತು ನೋಡಿ ಅದು.

ಅದರಾಚೆ 'ಕಬ್ಸೂಲ' ಅಂತ ಒಂದಿತ್ತು. ಕ್ಯಾಪ್ಸೂಲ್ ಅನ್ನೋದರ ಅರಬ್ಬಿ ರೂಪ. ತೆಳ್ಳಗಿನ ಕಾಗದದ ಮೇಲೆ ಅಕ್ಕಿಕಾಳಿಗಿಂತ ಸಣ್ಣ ಅಕ್ಷರದಲ್ಲಿ ಬರೆಯೋದು. ಬಿಗಿಯಾಗಿ ಸುತ್ತಿ, ಪ್ಲಾಸ್ಟಿಕ್ ಹೊದಿಸಿ, ಬೆಂಕಿ ತಾಗಿಸಿ ಬಾಯಿ ಮುಚ್ಚೋದು. ಬಿಡುಗಡೆ ಆಗೋನು ಅಥವಾ ಬೇರೆ ಜೈಲಿಗೆ ವರ್ಗ ಆಗೋನು ಅದನ್ನ ನುಂಗಿಬಿಡೋದು. ಪಾಠ, ಕಾಗದ, ಸಂಘಟನೆಯ ಆದೇಶ ಎಲ್ಲವೂ ಹೀಗೇ ಓಡಾಡ್ತಿದ್ದವು. ಜೆರುಸಲೇಮ್ ಪಕ್ಕದ ಅಬು ದಿಸ್‌ನಲ್ಲಿರೋ ಅಲ್-ಖುದ್ಸ್ ವಿಶ್ವವಿದ್ಯಾಲಯದಲ್ಲಿ ಈ ಕೈದಿಗಳ ಬದುಕಿನ ಒಂದು ಮ್ಯೂಸಿಯಂ ಕೂಡ ಇದೆ. ಅದೇ ವಿಶ್ವವಿದ್ಯಾಲಯದ ಹೆಸರು ಮುಂದೆ ಇನ್ನೊಂದು ಸಲ ಬರುತ್ತೆ, ನೆನಪಿಟ್ಕೊಳ್ಳಿ.

1992ರಲ್ಲಿ ಮತ್ತೊಂದು ದೊಡ್ಡ ಉಪವಾಸ ಆಯ್ತು, ಸಾವಿರಾರು ಕೈದಿಗಳು ಸೇರಿದ್ದು. ಅದರಿಂದ ಸಿಕ್ಕ ದೊಡ್ಡ ಗೆಲುವು ಅಂದ್ರೆ ಇಸ್ರೇಲಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದೋ ಅವಕಾಶ. ನಮ್ಮ ಮೈಸೂರಿನ ಮುಕ್ತ ವಿವಿ ಇದ್ದ ಹಾಗೆ ಅಂದ್ಕೊಳ್ಳಿ. ಮನೆಗೇ ಪುಸ್ತಕ ಬರುತ್ತೆ, ಅಸೈನ್‌ಮೆಂಟ್ ಬರೆದು ಕಳಿಸ್ಬೇಕು, ಆಮೇಲೆ ಪರೀಕ್ಷೆ. ಇಲ್ಲಿ ಮನೆ ಅಂದ್ರೆ ಸೆಲ್ಲು. ಫೀಸು ಕೈದಿಗಳ ಕಡೆಯವರೇ ಕಟ್ಟಬೇಕು. ಆದ್ರೆ ಒಂದು ತೊಡಕಿತ್ತು. ಆ ವಿಶ್ವವಿದ್ಯಾಲಯದ ಪಾಠ ಹೀಬ್ರೂ ಭಾಷೆಯಲ್ಲಿ. ತನ್ನ ಮನೆ ಕೆಡವಿದವನ, ತನ್ನನ್ನ ಬಂಧಿಸಿದವನ, ದಿನಕ್ಕೆ ಮೂರು ಸಲ ತಲೆ ಎಣಿಸೋಕೆ ಬರೋನ ಭಾಷೆ. ಅದನ್ನ ಅ ಆ ಇ ಈಯಿಂದ ಕಲೀಬೇಕು. ಕಲಿತರು. ಮೊದಲು ಕಲಿತವನು ಆಮೇಲೆ ಬಂದವನಿಗೆ ಹೇಳಿಕೊಟ್ಟ. ನಾವು ಇಲ್ಲಿ ಪಕ್ಕದ ರಾಜ್ಯದ ಭಾಷೆ ಕಲಿಯೋಕೆ ಎಷ್ಟು ಸತಾಯಿಸ್ತೀವಿ, ಅದು ಬಿಡಿ.

ಹತ್ತನೇ ಕ್ಲಾಸು, ಪಿಯುಸಿ ಮುಗಿಸದೆ ಒಳಗೆ ಬಂದ ಹುಡುಗರೇ ಹೆಚ್ಚು. ಅವರು ಮೊದಲು ಪ್ಯಾಲೆಸ್ಟೀನಿಯರ ಪಿಯುಸಿ ಪರೀಕ್ಷೆ 'ತೌಜಿಹಿ' ಕಟ್ಟಬೇಕು. ಆಮೇಲೆ ಪದವಿ. ಮರ್ವಾನ್ ಬರ್ಗೂತಿ ಹೆಸರು ನೀವು ಕೇಳಿರ್ತೀರಿ. ಫತಾಹ್ ನಾಯಕ, 2002ರಲ್ಲಿ ಬಂಧನ, 2004ರಲ್ಲಿ ಐದು ಜೀವಾವಧಿ ಜೊತೆಗೆ 40 ವರ್ಷ. ಆತನ ಮೆಟ್ರಿಕ್ ಆಗಿದ್ದೇ ಹಿಂದಿನ ಸಲ ಜೈಲಿಗೆ ಹೋದಾಗ. ಹೀಬ್ರೂ ಕಲಿತದ್ದೂ ಜೈಲಲ್ಲೇ. 2010ರಲ್ಲಿ ಸೆಲ್ಲಿನಲ್ಲೇ ಕೂತು ಕೈರೋದ ಒಂದು ಸಂಸ್ಥೆಯಿಂದ ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ತಗೊಂಡ. ಆಮೇಲೆ ಮೇಷ್ಟ್ರಾದ. ಹದರಿಮ್ ಜೈಲಿನಲ್ಲಿ ಅಲ್-ಖುದ್ಸ್ ವಿಶ್ವವಿದ್ಯಾಲಯದ ಮಾನ್ಯತೆಯ ತರಗತಿ ನಡೆದವು. ಪದವಿ ಇದ್ದ ಕೈದಿಗಳೇ ಅಧ್ಯಾಪಕರು. ಅಲ್ಲಿ ಎಂ.ಎ.ಗೆ ಇದ್ದ ವಿಷಯ ಯಾವುದು ಗೊತ್ತಾ? ಇಸ್ರೇಲ್ ಅಧ್ಯಯನ. ಇಸ್ರೇಲಿನ ಸಮಾಜ, ರಾಜಕೀಯ, ಇತಿಹಾಸ. ಇಸ್ರೇಲಿ ಜೈಲಲ್ಲಿ ಕೂತ ಪ್ಯಾಲೆಸ್ಟೀನಿಯರು ಇಸ್ರೇಲ್ ಬಗ್ಗೆ ಪರೀಕ್ಷೆ ಬರೀತಿದ್ರು.

ಇಲ್ಲಿ ಕತೆಗೆ ಇನ್ನೊಬ್ಬ ಹುಡುಗ ಬರ್ತಾನೆ. 2006ರ ಜೂನ್ 25. ಗಾಜಾ ಗಡಿಯಲ್ಲಿ 19 ವರ್ಷದ ಇಸ್ರೇಲಿ ಸೈನಿಕ ಗಿಲಾದ್ ಶಲಿತ್‌ನನ್ನ ಹಮಾಸ್ ಮತ್ತು ಅದರ ಜೊತೆಗಾರರು ಸುರಂಗದಿಂದ ಬಂದು ಎತ್ತಿಕೊಂಡು ಹೋದರು. ಐದು ವರ್ಷ ಇಟ್ಕೊಂಡರು. ಆ ಐದು ವರ್ಷದಲ್ಲಿ ರೆಡ್ ಕ್ರಾಸ್‌ಗೆ ಒಂದೇ ಒಂದು ಸಲ ಅವನನ್ನ ನೋಡೋಕೆ ಬಿಡಲಿಲ್ಲ. ಪುಸ್ತಕ, ಪದವಿ ಮಾತು ದೂರ ಉಳೀತು, ಹುಡುಗ ಬದುಕಿದ್ದಾನಾ ಅಂತ ಅಪ್ಪ ಅಮ್ಮನಿಗೆ ತಿಳಿಯೋದೇ ಕಷ್ಟ ಇತ್ತು. 2011ರ ಜೂನ್‌ನಲ್ಲಿ ಪ್ರಧಾನಿ ನೆತನ್ಯಾಹು ಘೋಷಣೆ ಮಾಡಿದ್ರು. ಕೊಲೆಯಲ್ಲಿ ಎಂ.ಎ., ಭಯೋತ್ಪಾದನೆಯಲ್ಲಿ ಡಾಕ್ಟರೇಟ್ ಮಾಡೋದು ಇನ್ನು ಸಾಕು, ಈ ಹಬ್ಬ ಮುಗೀತು ಅನ್ನೋ ಅರ್ಥದ ಮಾತು. ಮುಕ್ತ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಅರ್ಧ ಓದಿದವರು ಅರ್ಧಕ್ಕೇ ನಿಂತರು. ಇವರು ಓದಿನಲ್ಲಿ ತಪ್ಪು ಮಾಡಿದ್ರಾ? ಪುಸ್ತಕದಲ್ಲಿ ಮೊಬೈಲ್ ಬಚ್ಚಿಟ್ಟಿದ್ರಾ? ಅಂಥ ಆರೋಪದ ಮೇಲೆ ಮುಚ್ಚಿದ್ದಲ್ಲ. ಗಾಜಾದಲ್ಲಿ ಹಮಾಸ್ ಒಬ್ಬನನ್ನ ಹಿಡಿದಿಟ್ಟಿದೆ, ಅದಕ್ಕೆ ಒತ್ತಡ ತರಬೇಕು, ಅದಕ್ಕೆ ಇವರ ಓದು ನಿಲ್ಲಿಸಿ. ಹಮಾಸಿನವನಾಗಲಿ, ಫತಾಹ್‌ನವನಾಗಲಿ, ಎಡಪಂಥದವನಾಗಲಿ, ಎಲ್ಲರಿಗೂ ಅದೇ.

ನಾಲ್ಕು ತಿಂಗಳಿಗೆ, 2011ರ ಅಕ್ಟೋಬರ್ 18ಕ್ಕೆ ಶಲಿತ್ ಮನೆಗೆ ಬಂದ. ಓದು ನಿಲ್ಲಿಸಿದ್ದಕ್ಕೆ ಹೆದರಿ ಹಮಾಸ್ ಬಿಟ್ಟಿತಾ? ಇಲ್ಲ ಸ್ವಾಮಿ. 1,027 ಕೈದಿಗಳನ್ನ ಕೊಟ್ಟು ಬಿಡಿಸಿಕೊಂಡರು. ಸರಿ, ಶಲಿತ್ ಬಂದನಲ್ಲ, ಓದು ವಾಪಸ್ ಕೊಟ್ರಾ? ಅದೂ ಇಲ್ಲ. ಕೈದಿಗಳು ಸುಪ್ರೀಂ ಕೋರ್ಟಿಗೆ ಹೋದರು. 2012ರಲ್ಲಿ ಕೋರ್ಟು ತಳ್ಳಿಹಾಕಿತು, 2015ರಲ್ಲಿ ಮರುವಿಚಾರಣೆಯಲ್ಲೂ ಅದೇ. ಪದವಿ ಓದೋದು ಹಕ್ಕಲ್ಲ, ಅದು ಸೌಲಭ್ಯ, ಕೊಡೋರು ವಾಪಸ್ ತಗೋಬಹುದು ಅನ್ನೋದು ಸಾರಾಂಶ. ಅದೇ ದೇಶದ ಜೈಲಲ್ಲಿ ಬೇರೆ ಅಪರಾಧಗಳಿಗೆ ಬಂದವರಿಗೆ ಓದೋಕೆ ದಾರಿ ಇತ್ತು. 'ಭದ್ರತಾ ಕೈದಿ' ಅನ್ನೋ ಹಣೆಪಟ್ಟಿ ಇದ್ದವರಿಗೆ ಇಲ್ಲ. 2017ರಲ್ಲಿ ಬರ್ಗೂತಿ ನೇತೃತ್ವದಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು 40 ದಿನ ಉಪವಾಸ ಕೂತಾಗ ಬೇಡಿಕೆ ಪಟ್ಟಿಯಲ್ಲಿ ಮುಕ್ತ ವಿಶ್ವವಿದ್ಯಾಲಯ ಮತ್ತೆ ಇತ್ತು. ಸಿಗಲಿಲ್ಲ.

ಈ 'ಸೌಲಭ್ಯ' ಅನ್ನೋ ಮಾತು ಕೇಳಿದ್ರೆ ರಾಬೆನ್ ದ್ವೀಪ ನೆನಪಾಗುತ್ತೆ. ಮಂಡೇಲಾ ಗುಟ್ಟಾಗಿ ಆತ್ಮಕತೆ ಬರೀತಿದ್ದದ್ದು ಸಿಕ್ಕಿಬಿದ್ದಾಗ ನಾಲ್ಕು ವರ್ಷ ಅವರ ಓದೋ ಸೌಲಭ್ಯ ಕಿತ್ಕೊಂಡಿದ್ರು. ಬಿಳಿಯರ ಆಫ್ರಿಕಾನ್ಸ್ ಭಾಷೆ ಕಲಿಯಿರಿ ಅಂತ ಜೊತೆಯವರಿಗೆ ಹೇಳ್ತಿದ್ದವರು ಮಂಡೇಲಾ. ಎರಡೂ ಕತೆ ಪೂರ್ತಿ ಕೂಡಲ್ಲ, ನನಗೆ ಗೊತ್ತು. ಆದ್ರೆ ಜೈಲರ್ ಕೈಯಲ್ಲಿ ಪುಸ್ತಕ ಲಾಠಿ ಆಗೋದು ಎರಡು ಕಡೆಯೂ ಒಂದೇ ತರ.

ಈಗ ನೀವು ಕೇಳೋ ಪ್ರಶ್ನೆ ನನಗೆ ಕೇಳಿಸ್ತಿದೆ. ಕಾರ್ಮೆಲ್ ಮಾರ್ಕೆಟ್ಟಿನಲ್ಲಿ ಸತ್ತವರ ಮನೆಯವರು ಏನನ್ನಬೇಕು? ಅವರು ಕಳ್ಕೊಂಡವರು ಮತ್ತೆ ಬರಲ್ಲ, ಆ ಕೇಸಿನವನು ಎಂ.ಎ. ಮಾಡಿ ಪ್ರಶಸ್ತಿ ತಗೋತಾನೆ, ಕೊನೆಗೆ ಬಿಡುಗಡೆಯೂ ಆಗ್ತಾನೆ. ಅವರ ಸಿಟ್ಟು ಸುಳ್ಳು ಅಂತ ಹೇಳೋಕೆ ನನಗೆ ಬಾಯಿಲ್ಲ. ಆ ಜಾಗದಲ್ಲಿ ನಾನಿದ್ರೆ ಆ ಕಾದಂಬರಿ ಮುಟ್ಟುತ್ತಿದ್ದೆನಾ? ಮುಟ್ಟುತ್ತಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿದೆ. ಅದರ ಹೆಸರು ಯಹ್ಯಾ ಸಿನ್ವಾರ್. 1988ರಲ್ಲಿ ಜೈಲಿಗೆ ಹೋದ, ನಾಲ್ಕು ಜೀವಾವಧಿ. ಜೈಲಲ್ಲೇ ಹೀಬ್ರೂ ಕಲಿತ. ದಿನಾ ಇಸ್ರೇಲಿ ಪತ್ರಿಕೆ ಓದ್ತಿದ್ದ. ಈತನೂ ಜೈಲಲ್ಲಿ ಒಂದು ಕಾದಂಬರಿ ಬರೆದ. ಮೆದುಳಿನಲ್ಲಿ ಗಡ್ಡೆ ಆದಾಗ ಆಪರೇಷನ್ ಮಾಡಿ ಬದುಕಿಸಿದವರು ಇಸ್ರೇಲಿ ವೈದ್ಯರು. ಶಲಿತ್‌ಗಾಗಿ ಬಿಟ್ಟ ಆ 1,027 ಜನರಲ್ಲಿ ಈತನೂ ಒಬ್ಬ. 2023ರ ಅಕ್ಟೋಬರ್ 7ರ ದಾಳಿಯ ಸೂತ್ರಧಾರ ಇದೇ ಸಿನ್ವಾರ್. ಸುಮಾರು 1,200 ಜನ ಸತ್ತರು, 251 ಜನರನ್ನ ಗಾಜಾಕ್ಕೆ ಎಳೆದೊಯ್ದರು. ಶತ್ರುವಿನ ಭಾಷೆ, ಶತ್ರುವಿನ ಯೋಚನೆ ಎಲ್ಲ ಅರಗಿಸಿಕೊಂಡು ಶತ್ರುವಿಗೇ ತಿರುಗಿಸಿದ. ಓದಿದ್ರೆ ಮನುಷ್ಯ ಮೆತ್ತಗಾಗ್ತಾನೆ ಅಂತ ನಂಬೋರು ಈ ಹೆಸರಿಗೆ ಉತ್ತರ ಕೊಡ್ಬೇಕು. ನನ್ನ ಹತ್ರ ಸುಲಭದ ಉತ್ತರ ಇಲ್ಲ.

ಆದ್ರೆ ಅದೇ ಕ್ಲಾಸಿನ ಬೇರೆ ಹುಡುಗರನ್ನೂ ನೋಡಿ. ಜಿಬ್ರಿಲ್ ರಜೂಬ್ 17 ವರ್ಷ ಜೈಲಲ್ಲಿದ್ದವನು. ಅಲ್ಲಿ ಹೀಬ್ರೂ ಕಲಿತು, ಇಸ್ರೇಲಿನ ಪ್ರಧಾನಿಯಾಗಿದ್ದ ಮೆನಾಕೆಮ್ ಬೆಗಿನ್ ತಮ್ಮ ಭೂಗತ ಹೋರಾಟದ ಬಗ್ಗೆ ಬರೆದ ಪುಸ್ತಕವನ್ನ ಅರಬ್ಬಿ ಭಾಷೆಗೆ ತಂದ. ಓಸ್ಲೋ ಒಪ್ಪಂದದ ನಂತರ ಅದೇ ರಜೂಬ್ ವೆಸ್ಟ್ ಬ್ಯಾಂಕ್‌ನಲ್ಲಿ ಪ್ಯಾಲೆಸ್ಟೀನಿ ಭದ್ರತಾ ಪಡೆಯ ಮುಖ್ಯಸ್ಥನಾಗಿ ಇಸ್ರೇಲಿ ಅಧಿಕಾರಿಗಳ ಜೊತೆ ಕೂತು ಕೆಲಸ ಮಾಡಿದ, ಹೀಬ್ರೂ ಭಾಷೆಯಲ್ಲೇ ಮಾತಾಡಿಕೊಂಡು.

ಇನ್ನೊಂದು ಘಟನೆ ಇದೆ, ಅದನ್ನ ಎಲ್ಲರೂ ಮರೆತೇಬಿಟ್ಟಿದ್ದಾರೆ. 2006ರ ಮೇ ತಿಂಗಳು. ಹದರಿಮ್ ಜೈಲಲ್ಲಿ ಫತಾಹ್‌ನ ಬರ್ಗೂತಿ, ಹಮಾಸ್, ಇಸ್ಲಾಮಿಕ್ ಜಿಹಾದ್ ಮತ್ತು ಎಡಪಂಥದ ಎರಡು ಸಂಘಟನೆಗಳ ಕೈದಿ ನಾಯಕರು ಕೂತು ಒಂದು ದಾಖಲೆ ಬರೆದರು. ಹೊರಗೆ ಅವರ ಸಂಘಟನೆಗಳು ಒಬ್ಬರ ಮೇಲೊಬ್ಬರು ಗುಂಡು ಹಾರಿಸ್ತಿದ್ದ ಕಾಲ ಅದು. ಒಳಗಿದ್ದವರು 1967ರಲ್ಲಿ ವಶವಾದ ಭೂಮಿಯಲ್ಲಿ ಪ್ಯಾಲೆಸ್ಟೀನ್ ರಾಷ್ಟ್ರ ಅಂತ ಬರೆದರು. ಅಂದ್ರೆ ಇಡೀ ಭೂಮಿ ನಮ್ಮದು ಅನ್ನೋ ಮಾತಿನಿಂದ ಹಮಾಸ್ ಕೈದಿಗಳ ನಾಯಕನೂ ಸಹಿ ಹಾಕಿ ಒಂದು ಹೆಜ್ಜೆ ಹಿಂದೆ ಬಂದ ಹಾಗೆ. ಹೋರಾಟ ಬಿಡ್ತೀವಿ ಅಂತ ಅದರಲ್ಲಿರಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಅಧ್ಯಕ್ಷ ಅಬ್ಬಾಸ್ ಇದರ ಮೇಲೆ ಜನಮತ ಕೇಳ್ತೀನಿ ಅಂದ್ರು. ಹೊರಗಿನ ಹಮಾಸ್ ಒಪ್ಪಲಿಲ್ಲ, ಒಳಗಿನ ಹಮಾಸ್ ಮತ್ತು ಜಿಹಾದ್ ನಾಯಕರು ಹೆಸರು ವಾಪಸ್ ತಗೊಂಡರು. ಎಳೆದಾಡಿ ಜೂನ್ ಕೊನೆಗೆ ತಿದ್ದಿದ ರೂಪಕ್ಕೆ ಒಪ್ಪಿಗೆ ಬರೋ ಹೊತ್ತಿಗೆ ಏನಾಯ್ತು? ಜೂನ್ 25ಕ್ಕೆ ಶಲಿತ್ ಅಪಹರಣ. ಇಸ್ರೇಲಿ ಟ್ಯಾಂಕುಗಳು ಗಾಜಾಕ್ಕೆ ನುಗ್ಗಿದವು. ಆ ಕಾಗದ ಯಾರಿಗೂ ಬೇಡವಾಯ್ತು.

ಹಾಗಾಗಿ ಓದಿಸಿದ್ರೆ ಸಿನ್ವಾರ್ ಹುಟ್ತಾನೆ ಅನ್ನೋದು ಅರ್ಧ ಮಾತು. ಸಿನ್ವಾರ್ ಹೀಬ್ರೂ ಕಲಿತದ್ದು ನಿಜ. ಆದ್ರೆ ಆತ ಹಮಾಸ್ ಸೇರಿದ್ದು, ಕೊಲೆ ಮಾಡಿದ್ದು ಓದೋಕೂ ಮುಂಚೆ. ಓದು ಆತನನ್ನ ಬದಲಿಸಲಿಲ್ಲ ಅನ್ನಿ, ಒಪ್ತೀನಿ. ಓದು ಆತನನ್ನ ಮಾಡಿತು ಅಂದ್ರೆ ಒಪ್ಪಲ್ಲ. ಹಾಗೇನೇ ಬಾಸಿಮ್‌ನ ಕಾದಂಬರಿ ಕಾರ್ಮೆಲ್ ಮಾರ್ಕೆಟ್ಟಿನ ಲೆಕ್ಕ ಅಳಿಸಿಹಾಕಲ್ಲ. ಪದವಿ ಕೊಟ್ರೆ ಶಾಂತಿ ಬರುತ್ತೆ ಅನ್ನೋ ಭರವಸೆ ಯಾರೂ ಕೊಡೋಕಾಗಲ್ಲ. ಆದ್ರೆ ಓದು ನಿಲ್ಲಿಸಿ 12 ವರ್ಷ ಆದ ಮೇಲೆ ಅಕ್ಟೋಬರ್ 7 ಆಗಿದ್ದು ಅನ್ನೋದನ್ನೂ ಲೆಕ್ಕಕ್ಕೆ ಹಿಡೀರಿ.

ಅಕ್ಟೋಬರ್ 7ರ ನಂತರ ಜೈಲಿನೊಳಗೆ ಏನಾಯ್ತು ಅನ್ನೋದು ಈಗ ಹೊರಬಂದವರ ಮೈ ನೋಡಿದ್ರೇ ಗೊತ್ತಾಗುತ್ತೆ. ಮನೆಯವರ ಭೇಟಿ ಬಂದ್. ರೆಡ್ ಕ್ರಾಸ್‌ಗೆ ಪ್ರವೇಶ ಇಲ್ಲ. ಶಲಿತ್‌ಗೆ ಹಮಾಸ್ ಏನು ಮಾಡಿತ್ತೋ ಅದನ್ನೇ ಈಗ ಇಸ್ರೇಲ್ ಸಾವಿರಾರು ಜನಕ್ಕೆ ಮಾಡಿತು. ಊಟ ಎಷ್ಟು ಕಡಿಮೆ ಆಯ್ತು ಅಂದ್ರೆ 2025ರ ಸೆಪ್ಟೆಂಬರ್‌ನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ ಸರ್ಕಾರಕ್ಕೆ, ಕೈದಿಗಳಿಗೆ ಬದುಕೋಕೆ ಬೇಕಾದಷ್ಟು ಊಟ ಕೊಡಿ ಅಂತ ಆದೇಶ ಮಾಡಬೇಕಾಯ್ತು. ಇದರ ಮಧ್ಯೆ ಸೆಲ್ಲುಗಳಿಂದ ರೇಡಿಯೋ, ಟಿವಿ, ಪುಸ್ತಕ, ಪೆನ್ನು, ನೋಟ್‌ಬುಕ್ಕು ಎಲ್ಲ ಹೊರಗೆ ಹೋಯ್ತು. 1970ರಲ್ಲಿ ಅಷ್ಕಲಾನ್‌ನಲ್ಲಿ ಒಬ್ಬ ಸತ್ತು ಬಂದ ಪೆನ್ನು, 53 ವರ್ಷಕ್ಕೆ ವಾಪಸ್ ಹೋಯ್ತು.

ವಾಲಿದ್ ದಖ್ಖಾ ಅಂತ ಒಬ್ಬ ಇದ್ದ. ಇಸ್ರೇಲಿ ಪೌರತ್ವ ಇದ್ದ ಪ್ಯಾಲೆಸ್ಟೀನಿ. ಒಬ್ಬ ಇಸ್ರೇಲಿ ಸೈನಿಕನ ಅಪಹರಣ ಮತ್ತು ಕೊಲೆಯ ಪ್ರಕರಣದಲ್ಲಿ 1986ರಲ್ಲಿ ಬಂಧನ. ಜೈಲಲ್ಲೇ ಪದವಿ, ಜೈಲಲ್ಲೇ ಎಂ.ಎ., ಮಕ್ಕಳಿಗಾಗಿ ಒಂದು ಕಾದಂಬರಿ ಕೂಡ ಬರೆದ. 38 ವರ್ಷ ಒಳಗಿದ್ದು 2024ರ ಏಪ್ರಿಲ್ 7ರಂದು ಕ್ಯಾನ್ಸರ್‌ನಿಂದ ಸತ್ತ. ಬಾಸಿಮ್‌ಗೆ ಪ್ರಶಸ್ತಿ ಬಂದದ್ದು ಅದೇ ತಿಂಗಳ ಕೊನೆಗೆ.

ಬರ್ಗೂತಿ ಆ ಬಿಡುಗಡೆಯ ಪಟ್ಟಿಯಲ್ಲಿ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಒಂದು ವಿಡಿಯೋ ಬಂದಿತ್ತು, ನಾವೂ ಹಾಕಿದ್ವಿ. ಇಸ್ರೇಲಿನ ಭದ್ರತಾ ಸಚಿವ ಬೆನ್ ಗ್ವಿರ್ ಜೈಲಿಗೇ ಹೋಗಿ ಆತನ ಮುಂದೆ ನಿಂತು ಬೆದರಿಸೋ ವಿಡಿಯೋ. ಬಿಳಿ ಬನಿಯನ್ ಹಾಕ್ಕೊಂಡ, ಗುರುತು ಸಿಗದಷ್ಟು ಸೊರಗಿದ ಆ ಮನುಷ್ಯ ಏನೋ ಹೇಳೋಕೆ ಬಾಯಿ ತೆರೀತಾನೆ. ಸಚಿವರು ಕೇಳಿಸಿಕೊಳ್ಳಲ್ಲ. ಸಚಿವರು ಮಾತಾಡಿದ್ದು ಹೀಬ್ರೂ. ಆ ಕೈದಿಗೆ ಒಂದೊಂದು ಪದವೂ ಅರ್ಥ ಆಗ್ತಿತ್ತು, ದುಭಾಷಿ ಬೇಕಿರಲಿಲ್ಲ.

ಬಿಡುಗಡೆ ಆದಾಗ ಬಾಸಿಮ್‌ನನ್ನ ಈಜಿಪ್ಟ್‌ಗೆ ಕಳಿಸಿದ್ರು. ನಬ್ಲುಸ್‌ಗೆ ಹೋಗೋ ಹಾಗಿರಲಿಲ್ಲ. ಜೈಲುಗಳಲ್ಲಿ ಇವತ್ತಿಗೂ ಸಾವಿರಾರು ಜನ ಇದ್ದಾರೆ, 2004ರಲ್ಲಿ ಬಾಸಿಮ್ ಇದ್ದ ವಯಸ್ಸಿನ ಹುಡುಗರೂ ಅದರಲ್ಲಿದ್ದಾರೆ. ಅವರಿಗೂ ದಿನಕ್ಕೆ ಮೂರು ಸಲ ಹೀಬ್ರೂ ಕೇಳಿಸುತ್ತೆ, ತಲೆ ಎಣಿಸೋ ಹೊತ್ತಲ್ಲಿ. ಬೇರೆ ಹೀಬ್ರೂ ಅವರ ಕೈಗೆ ಸದ್ಯಕ್ಕೆ ಸಿಗ್ತಿಲ್ಲ.